ಭಾನುವಾರದ ಸೈಕಲ್, ಸೋಮವಾರದ ರಸ್ತೆ

ಭಾನುವಾರ ನಸುಕಿನ ಐದು ಗಂಟೆಯ ಹೊತ್ತಿಗೆ ಹೆಬ್ಬಾಳದಿಂದ ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿ ಸಾಗುವವರಿಗೆ ಎರಡು ಬಗೆಯ ಸೈಕಲ್ ಸವಾರರು ಕಾಣಸಿಗುತ್ತಾರೆ. ಮೊದಲನೆಯವರು ನಂದಿಬೆಟ್ಟದ ಕಡೆಗೆ ಹೊರಟವರು. ಮೈಗಂಟಿದ ಬಣ್ಣದ ಜೆರ್ಸಿ, ತಲೆಗೆ ಹೆಲ್ಮೆಟ್, ಹ್ಯಾಂಡಲ್ ಮೇಲೆ ವೇಗ ಮತ್ತು ದೂರದ ಲೆಕ್ಕ ಹೇಳುವ ಪುಟ್ಟ ಯಂತ್ರ, ಸೀಟಿನ ಕೆಳಗೆ ಮಿನುಗುವ ಕೆಂಪು ದೀಪ. ಎರಡನೆಯವರು ಕೆಲಸಕ್ಕೆ ಹೊರಟವರು ಅಥವಾ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುತ್ತಿರುವವರು. ಕಾವಲುಗಾರರು, ಪತ್ರಿಕೆ ಹಂಚುವ ಹುಡುಗರು, ಸೊಪ್ಪು ಮಾರುವವರು, ಕಟ್ಟಡ ಕಾರ್ಮಿಕರು. ಇವರ ಸೈಕಲ್ಲಿಗೆ ದೀಪವಿಲ್ಲ, ತಲೆಗೆ ಮಫ್ಲರ್ ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಇಬ್ಬರೂ ಓಡಾಡುವುದು ಅದೇ ರಸ್ತೆಯ ಅದೇ ಎಡ ಅಂಚಿನಲ್ಲಿ, ಅದೇ ಲಾರಿಗಳ ಪಕ್ಕದಲ್ಲಿ. ಆದರೆ ಒಬ್ಬರು ಇನ್ನೊಬ್ಬರನ್ನು ತಮ್ಮವರೆಂದು ಭಾವಿಸಿದಂತೆ ಕಾಣುವುದಿಲ್ಲ. ಮೊದಲನೆಯವರನ್ನು ನಾವು ಸೈಕ್ಲಿಸ್ಟ್ ಎನ್ನುತ್ತೇವೆ. ಎರಡನೆಯವರಿಗೆ ಹೆಸರೇ ಇಲ್ಲ.

ಸಂಖ್ಯೆಯ ದೃಷ್ಟಿಯಿಂದ ನೋಡಿದರೆ ಈ ಹೆಸರಿಲ್ಲದವರೇ ದೇಶದ ನಿಜವಾದ ಸೈಕಲ್ ಸವಾರರು. 2011ರ ಜನಗಣತಿಯ ಪ್ರಕಾರ ದೇಶದ ಶೇ 45ರಷ್ಟು ಕುಟುಂಬಗಳ ಬಳಿ ಸೈಕಲ್ ಇತ್ತು. ಕಾರು ಇದ್ದದ್ದು ಶೇ 5ಕ್ಕೂ ಕಡಿಮೆ ಕುಟುಂಬಗಳ ಬಳಿ. ಕೃಷಿ ಮತ್ತು ಗೃಹ ಕೈಗಾರಿಕೆ ಹೊರತಾದ ಉದ್ಯೋಗಗಳಲ್ಲಿ ದುಡಿಯುತ್ತಿದ್ದವರ ಪೈಕಿ ನೂರಕ್ಕೆ 13 ಮಂದಿ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ಮೂವರಿಗಿಂತಲೂ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಸೈಕಲ್ ಇರುವ ಕುಟುಂಬಗಳ ಪ್ರಮಾಣ ಅರ್ಧವನ್ನು ಮುಟ್ಟಿತ್ತು. ನಮ್ಮ ರಸ್ತೆಗಳ ನಕ್ಷೆ ಬರೆಯುವವರ ಮೇಜಿನ ಮೇಲೆ ಈ ಅಂಕಿಗಳು ಇರಲಿಲ್ಲವೆಂದೇನಲ್ಲ.

ಸೈಕಲ್ಲಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ಕಾಲಕ್ಕೆ ಗೌರವದ ಸ್ಥಾನವೇ ಇತ್ತು. ಎಂಬತ್ತರ ದಶಕದಲ್ಲಿ ನಾನು ಸೇವೆಗೆ ಸೇರಿದಾಗ ತಾಲ್ಲೂಕು ಕಚೇರಿಯ ಅಂಗಳದಲ್ಲಿ ನಿಲ್ಲುತ್ತಿದ್ದುದು ಒಂದು ಜೀಪು, ಉಳಿದವೆಲ್ಲ ಸೈಕಲ್ಲು. ಗ್ರಾಮ ಲೆಕ್ಕಿಗರು ಪಹಣಿ ಪುಸ್ತಕವನ್ನು ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ತುಳಿಯುತ್ತಿದ್ದರು. ನೌಕರರಿಗೆ ಸೈಕಲ್ ಕೊಳ್ಳಲು ಮುಂಗಡ ಹಣ ಸಿಗುತ್ತಿತ್ತು. ಅದನ್ನು ತಿಂಗಳ ಸಂಬಳದಲ್ಲಿ ಕಂತು ಕಂತಾಗಿ ಹಿಡಿಯುತ್ತಿದ್ದರು. ಅದಕ್ಕೂ ಹಿಂದೆ ಪುರಸಭೆಗಳು ಸೈಕಲ್ಲಿಗೆ ವಾರ್ಷಿಕ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದವು; ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ತೆರಿಗೆಯಾಗಲಿ ದಂಡವಾಗಲಿ ಯಾರಿಗೂ ಪ್ರಿಯವಲ್ಲ. ಆದರೆ ಅವುಗಳ ಹಿಂದೆ ಸೈಕಲ್ ಕೂಡ ರಸ್ತೆಯ ಹಕ್ಕುಳ್ಳ ವಾಹನವೆಂಬ ಒಪ್ಪಿಗೆ ಇತ್ತು. ಏಳನೇ ವೇತನ ಆಯೋಗದ ಶಿಫಾರಸಿನಂತೆ ಕೇಂದ್ರ ಸರ್ಕಾರ 2016ರಲ್ಲಿ ತನ್ನ ನೌಕರರ ಸೈಕಲ್ ಮುಂಗಡವನ್ನು ರದ್ದುಪಡಿಸಿದಾಗ ಯಾವ ನೌಕರರ ಸಂಘವೂ ಧರಣಿ ಕೂತದ್ದು ನನಗೆ ನೆನಪಿಲ್ಲ. ಅಷ್ಟು ಹೊತ್ತಿಗಾಗಲೇ ಆ ಸೌಲಭ್ಯ ಕೇಳುವವರಿಲ್ಲದೆ ಒಣಗಿತ್ತು.

ವಿಪರ್ಯಾಸವೆಂದರೆ, ಸೈಕಲ್ ಕಚೇರಿಯ ಅಂಗಳದಿಂದ ಮರೆಯಾದ ಅದೇ ಅವಧಿಯಲ್ಲಿ ಅದು ವೈದ್ಯರ ಚೀಟಿಯಲ್ಲಿ ಕಾಣಿಸಿಕೊಳ್ಳತೊಡಗಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗೂ ಹೆಚ್ಚು. ನಿವೃತ್ತಿಯ ಮರುವರ್ಷ ರಕ್ತಪರೀಕ್ಷೆಯಲ್ಲಿ ನಾನೂ ಆ ಹೊಸ್ತಿಲಿನವನೆಂದು ತಿಳಿಯಿತು. ಮಂಡಿನೋವಿನಿಂದಾಗಿ ದೀರ್ಘ ನಡಿಗೆ ಆಗದು ಎಂದಾಗ ವೈದ್ಯರು ಸೂಚಿಸಿದ್ದು ಸೈಕಲ್. ದೇಹದ ಭಾರವನ್ನು ಸೀಟು ಹೊರುವುದರಿಂದ ಕೀಲಿನ ಮೇಲೆ ಹೊಡೆತ ಬೀಳುವುದಿಲ್ಲ, ತೊಡೆಯ ದೊಡ್ಡ ಸ್ನಾಯುಗಳು ಮಾತ್ರ ನಿರಂತರವಾಗಿ ದುಡಿಯುತ್ತವೆ, ಆ ದುಡಿಮೆಗೆ ರಕ್ತದ ಸಕ್ಕರೆ ಇಂಧನವಾಗುತ್ತದೆ ಎಂಬುದು ಅವರ ವಿವರಣೆ. ನಮ್ಮ ಬಡಾವಣೆಯಲ್ಲಿ ಮೊದಲ ದಿನ ಎದುರಾದ ನೆರೆಯವರೊಬ್ಬರು ಕೇಳಿದ ಪ್ರಶ್ನೆ: ‘ಏನ್ ಸಾರ್, ಕಾರು ಸರ್ವೀಸಿಗೆ ಬಿಟ್ಟಿದೀರಾ?’ ಇದು ಅವರೊಬ್ಬರ ಪ್ರಶ್ನೆಯಲ್ಲ. ಒಂದು ವರ್ಗದ ಪ್ರಶ್ನೆ. ಜೆರ್ಸಿ ತೊಟ್ಟು ಹೊರಟಿದ್ದರೆ ಅವರು ಹಾಗೆ ಕೇಳುತ್ತಿರಲಿಲ್ಲ. ನಾನು ಹ್ಯಾಂಡಲ್‌ಗೆ ಹಾಲಿನ ಚೀಲ ನೇತುಹಾಕಿದ್ದೆ.

ಸೈಕಲ್ ಸವಾರಿಯಿಂದ ಆಯುಸ್ಸು ಹೆಚ್ಚುತ್ತದೆಯೆಂದು ಹೇಳುವ ಅಧ್ಯಯನಗಳಿಗೆ ಕೊರತೆಯಿಲ್ಲ. ಕೋಪನ್‌ಹೇಗನ್ನಿನ ಸುಮಾರು 30 ಸಾವಿರ ಸ್ತ್ರೀಪುರುಷರನ್ನು ದೀರ್ಘಕಾಲ ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೈಕಲ್ ಮೇಲೆ ಕೆಲಸಕ್ಕೆ ಹೋಗದವರ ಮರಣಪ್ರಮಾಣ ಹೋಗುವವರಿಗಿಂತ ಶೇ 39ರಷ್ಟು ಹೆಚ್ಚಾಗಿತ್ತು. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಪರಿಶೀಲಿಸಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಹತ್ತಿರವಾಗಿಯೇ ಇತ್ತು. ಅರ್ಥಶಾಸ್ತ್ರ ಓದಿದವರಿಗೆ ಇಂಥ ಅಂಕಿಗಳನ್ನು ಕಂಡಾಗ ಒಂದು ಅನುಮಾನ ಸಹಜವಾಗಿಯೇ ಏಳುತ್ತದೆ. ಸೈಕಲ್ ತುಳಿದದ್ದರಿಂದ ಅವರು ಆರೋಗ್ಯವಂತರಾದರೋ, ಅಥವಾ ಆರೋಗ್ಯವಂತರಾದ್ದರಿಂದಲೇ ಸೈಕಲ್ ತುಳಿದರೋ? ಧೂಮಪಾನ, ತೂಕ, ವಯಸ್ಸು ಮೊದಲಾದವುಗಳನ್ನು ಸಂಶೋಧಕರು ಲೆಕ್ಕದಿಂದ ಬೇರ್ಪಡಿಸಿದ್ದಾರೆ. ಆದರೂ ಈ ಅನುಮಾನ ಪೂರ್ತಿ ಹೋಗುವಂಥದ್ದಲ್ಲ. ಶೇ 39 ಎಂಬುದನ್ನು ಅಕ್ಷರಶಃ ನಂಬದೆ, ಲಾಭದ ದಿಕ್ಕನ್ನು ಮಾತ್ರ ನಂಬುವುದು ವಿವೇಕ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. ಈ ಎರಡೂ ಅಧ್ಯಯನಗಳ ಸೈಕಲ್ ಫಲಿತಾಂಶ ಕೆಲಸಕ್ಕೆ ಹೋಗಿಬರುವವರದ್ದು. ವಾರಕ್ಕೊಮ್ಮೆ ನೂರು ಕಿಲೋಮೀಟರ್ ತುಳಿದು ಆರು ದಿನ ಸೈಕಲ್ಲನ್ನು ಬಾಲ್ಕನಿಯಲ್ಲಿ ತೂಗುಹಾಕುವವರದ್ದಲ್ಲ. ಮಳೆಯಿರಲಿ ಚಳಿಯಿರಲಿ, ದಿನವೂ ನಾಲ್ಕಾರು ಕಿಲೋಮೀಟರ್ ಹೋಗಿ ಬರುವ ಸಾಧಾರಣ ಸವಾರಿಗೆ ಸಿಕ್ಕ ಫಲ ಅದು. ನಮ್ಮ ಹವ್ಯಾಸಿ ಸವಾರರು ಭಾನುವಾರ ಬೆಳಿಗ್ಗೆ ಹುಡುಕಿಕೊಂಡು ಹೋಗುವ ಆರೋಗ್ಯ ಅದೇ ರಸ್ತೆಯ ಕಾವಲುಗಾರನ ದಿನಚರಿಯೊಳಗೇ ಇದೆ. ಅವನಿಗೆ ಇಲ್ಲದಿರುವುದು ನಿದ್ದೆ, ಪೌಷ್ಟಿಕ ಆಹಾರ ಮತ್ತು ಸುರಕ್ಷಿತ ರಸ್ತೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಸಲಹೆಯಂತೆ ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮ ಬೇಕು. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಗಂಟೆಗೆ 12–15 ಕಿಲೋಮೀಟರ್ ವೇಗದಲ್ಲಿ ಇದು ದಿನಕ್ಕೆ ಆರೇಳು ಕಿಲೋಮೀಟರ್ ಆಯಿತು. ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಮಧ್ಯಮ ತೀವ್ರತೆಗೆ ಇದಕ್ಕಿಂತ ಸುಲಭವಾದ ಅಳತೆಗೋಲು ಇಲ್ಲ. ಕೈಗಡಿಯಾರದಲ್ಲಿ ನಾಡಿಬಡಿತ ನೋಡುತ್ತ ತುಳಿಯುವವರು ಒಂದು ಸಂಗತಿ ತಿಳಿದಿರಬೇಕು. ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿಬಡಿತವನ್ನು ಆ ಔಷಧವೇ ತಗ್ಗಿಸಿರುತ್ತದೆ. ಗಡಿಯಾರದ ಲೆಕ್ಕ ಅವರಿಗೆ ಅನ್ವಯಿಸದು.

ವಯಸ್ಸಾದ ಮೇಲೆ ಸೈಕಲ್ ಹತ್ತುವವರ ಬಹುಪಾಲು ತೊಂದರೆಗಳ ಮೂಲ ಸೀಟಿನ ಎತ್ತರದಲ್ಲಿದೆ. ಬೀಳುವ ಭಯದಿಂದ ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗುವಂತೆ ಸೀಟನ್ನು ಇಳಿಸಿಕೊಳ್ಳುತ್ತಾರೆ. ಪರಿಣಾಮವಾಗಿ ಪ್ರತಿ ಸುತ್ತಿಗೂ ಮಂಡಿ ವಿಪರೀತ ಮಡಚಿಕೊಂಡು, ಮಂಡಿಚಿಪ್ಪಿನ ಮೇಲೆ ಒತ್ತಡ ಬಿದ್ದು, ಎರಡೇ ವಾರದಲ್ಲಿ ‘ಸೈಕಲ್ ನನಗೆ ಒಗ್ಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸರಿಯಾದ ಕ್ರಮ ಸರಳವಾಗಿದೆ. ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ಸ್ವಲ್ಪ ಮಾತ್ರ ಬಾಗುತ್ತದೆ. ಗೇರ್ ಇರುವ ಸೈಕಲ್ಲಿನಲ್ಲಿ ಭಾರದ ಗೇರಿನಲ್ಲಿ ತಿಣುಕುವುದಕ್ಕಿಂತ ಹಗುರದ ಗೇರಿನಲ್ಲಿ ಚುರುಕಾಗಿ ತಿರುಗಿಸುವುದು ಮಂಡಿಗೆ ಹಿತ. ಬೆರಳುಗಳು, ಮುಖ್ಯವಾಗಿ ಕಿರುಬೆರಳು, ಜೋಮು ಹಿಡಿಯತೊಡಗಿದರೆ ಅಂಗೈಯ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಹ್ಯಾಂಡಲನ್ನು ಕೊಂಚ ಎತ್ತರಿಸಿ, ಆಗಾಗ ಹಿಡಿತ ಬದಲಿಸಬೇಕು. ಸೀಟಿನಿಂದ ತೊಡೆಸಂದಿಯಲ್ಲಿ ಮರಗಟ್ಟಿದಂತಾಗುವುದನ್ನು ಪುರುಷರು ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ. ಅದು ಅಲಕ್ಷಿಸುವಂಥದ್ದಲ್ಲ. ಅಗಲವಾದ, ನಡುವೆ ಸೀಳಿರುವ ಸೀಟು ಹಾಕಿಸಿ, ಅದರ ಮೂತಿ ಮೇಲಕ್ಕೆ ಎದ್ದಿರದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು ಪ್ರಾಣಕ್ಕೆ ಸಂಬಂಧಿಸಿದವು. ತುಳಿಯುವಾಗ ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ಅಕಾರಣ ಬೆವರು ಕಂಡರೆ ಅಲ್ಲಿಯೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕೇ ಹೊರತು ‘ಗ್ಯಾಸ್ಟ್ರಿಕ್’ ಎಂದುಕೊಂಡು ಮನೆ ತಲುಪುವ ಸಾಹಸ ಮಾಡಬಾರದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಕೆಳಕ್ಕಿಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ಹೋಗಬಾರದು; ಜೇಬಿನಲ್ಲಿ ಗ್ಲೂಕೋಸ್ ಅಥವಾ ಬೆಲ್ಲದ ತುಂಡು ಇರಲೇಬೇಕು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ತಲೆಗೆ ಸಣ್ಣ ಪೆಟ್ಟು ಬಿದ್ದರೂ ವೈದ್ಯರಲ್ಲಿಗೆ ಹೋಗಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ ದಾಹವಾಗುವ ಮೊದಲೇ ನೀರು ಕುಡಿಯುವುದು ಒಳಿತು. ಮತ್ತೊಂದು ಮಾತನ್ನು ಸೈಕಲ್ ಪ್ರೇಮಿಗಳು ಒಪ್ಪಲು ಹಿಂಜರಿಯುತ್ತಾರೆ. ಯಾವ ಕಾರಣಕ್ಕೆ ಸೈಕಲ್ ಮಂಡಿಗೆ ಹಿತವೋ ಅದೇ ಕಾರಣಕ್ಕೆ ಅದು ಮೂಳೆಗೆ ಸಾಲದು. ಭಾರ ಬೀಳದಿದ್ದರೆ ಮೂಳೆ ಗಟ್ಟಿಯಾಗುವುದಿಲ್ಲ. ವೃತ್ತಿಪರ ಸೈಕಲ್ ಪಟುಗಳಲ್ಲಿಯೇ ಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ. ಆದ್ದರಿಂದ ಮೆಟ್ಟಿಲು ಹತ್ತುವುದು, ಸ್ವಲ್ಪ ನಡಿಗೆ, ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಇವುಗಳ ಜಾಗವನ್ನು ಸೈಕಲ್ ತುಂಬಲಾರದು.

ಹೊಗೆಯ ನಡುವೆ ತುಳಿದು ಶ್ವಾಸಕೋಶ ಕೆಡಿಸಿಕೊಳ್ಳುವುದಕ್ಕಿಂತ ಮನೆಯಲ್ಲಿರುವುದು ಮೇಲಲ್ಲವೇ ಎಂದು ಕೇಳುವವರುಂಟು. ಕೇಂಬ್ರಿಜ್ ಮತ್ತಿತರ ವಿಶ್ವವಿದ್ಯಾಲಯಗಳ ಸಂಶೋಧಕರು 2016ರಲ್ಲಿ ಈ ಪ್ರಶ್ನೆಯನ್ನೇ ಲೆಕ್ಕಕ್ಕೆ ಹಚ್ಚಿದರು. ದೆಹಲಿಯಷ್ಟು ಕಲುಷಿತ ನಗರದಲ್ಲಿಯೂ ವಾರಕ್ಕೆ ಐದು ಗಂಟೆಗಿಂತ ಹೆಚ್ಚು ತುಳಿದಾಗ ಮಾತ್ರ ನಷ್ಟ ಲಾಭವನ್ನು ಮೀರುತ್ತದೆ ಎಂಬುದು ಅವರ ನಿರ್ಣಯ. ಕರ್ನಾಟಕದ ನಗರಗಳ ಗಾಳಿ ದೆಹಲಿಯದಕ್ಕಿಂತ ಎಷ್ಟೋ ಮೇಲು.

ಯಾವ ಸೈಕಲ್ ಕೊಳ್ಳಬೇಕೆಂದು ಗೆಳೆಯರು ಕೇಳುತ್ತಿರುತ್ತಾರೆ. ಅಂಗಡಿಗೆ ಹೋದರೆ ಮೊದಲು ತೋರಿಸುವುದು ದಪ್ಪ ಟೈರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಪರ್ವತ ಸೈಕಲ್. ಡಾಂಬರು ರಸ್ತೆಯಲ್ಲಿ ಅದು ಎತ್ತು ಎಳೆದಂತೆ. ನೇರ ಹ್ಯಾಂಡಲ್, ಮಧ್ಯಮ ಗಾತ್ರದ ಟೈರು, ಏಳೆಂಟು ಗೇರ್ ಇರುವ ಹೈಬ್ರಿಡ್ ಸೈಕಲ್ ನಮ್ಮ ವಯಸ್ಸಿಗೂ ನಮ್ಮ ರಸ್ತೆಗೂ ಸಾಕು. ಲಕ್ಷ ದಾಟುವ ಕಾರ್ಬನ್ ಸೈಕಲ್ಲಿನಿಂದ ಎರಡು ಮೂರು ಕಿಲೋ ಉಳಿಯಬಹುದು. ಅಷ್ಟನ್ನು ಸವಾರನ ಹೊಟ್ಟೆಯಿಂದ ಇಳಿಸುವುದು ಅಗ್ಗ. ಏರು ದಾರಿಗೆ ಅಂಜುವವರಿಗೆ ಮೋಟಾರಿನ ನೆರವಿರುವ ಸೈಕಲ್ಲುಗಳೂ ಬಂದಿವೆ. 250 ವ್ಯಾಟ್ ಒಳಗಿನ ಮೋಟಾರು ಮತ್ತು ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿನ ವೇಗವಿದ್ದರೆ ಇವಕ್ಕೆ ನೋಂದಣಿ, ಪರವಾನಗಿ ಬೇಕಿಲ್ಲ. ಇನ್ನು ನನ್ನ ಖಚಿತ ಅಭಿಪ್ರಾಯವೊಂದಿದೆ: ಅರವತ್ತು ದಾಟಿದ ಗಂಡಸರು ನಾಚಿಕೆ ಬಿಟ್ಟು ‘ಲೇಡೀಸ್ ಸೈಕಲ್’ ಕೊಳ್ಳಬೇಕು. ಬಿಗಿದ ಸೊಂಟದಿಂದ ಕಾಲನ್ನು ಅಡ್ಡ ಕಂಬಿಯ ಮೇಲೆ ಹಾಯಿಸುವ ಆ ಕ್ಷಣದಲ್ಲೇ ನಮ್ಮ ವಯಸ್ಸಿನವರು ಬೀಳುವುದು ಹೆಚ್ಚು.

ಗಂಡು ಸೈಕಲ್, ಹೆಣ್ಣು ಸೈಕಲ್ ಎಂಬ ಈ ಭೇದವನ್ನು ಮೂರು ದಶಕಗಳ ಹಿಂದೆಯೇ ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಹಳ್ಳಿಯ ಹೆಂಗಸರು ತಲೆಕೆಳಗು ಮಾಡಿದ್ದರು. 1991ರಲ್ಲಿ ಅಲ್ಲಿ ಆರಂಭವಾದ ಸಾಕ್ಷರತಾ ಆಂದೋಲನದ ಭಾಗವಾಗಿ, ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅವರು ಮಹಿಳೆಯರಿಗೆ ಸೈಕಲ್ ಕಲಿಸುವ ಕೆಲಸವನ್ನು ಸೇರಿಸಿದರು. ಕೊಳ್ಳಲು ಬ್ಯಾಂಕುಗಳಿಂದ ಸಾಲವನ್ನೂ ಕೊಡಿಸಿದರು. ಕೃಷಿ ಕಾರ್ಮಿಕರು, ಕಲ್ಲು ಕ್ವಾರಿಯ ಕೆಲಸದವರು, ಅಂಗನವಾಡಿ ಕಾರ್ಯಕರ್ತೆಯರು ಲಕ್ಷದ ಲೆಕ್ಕದಲ್ಲಿ ಸೈಕಲ್ ಕಲಿತದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಮಹಿಳೆಯರ ಸೈಕಲ್ಲುಗಳು ಸಾಕಷ್ಟು ಸಿಗದಿದ್ದಾಗ ಅವರು ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಅದನ್ನೇ ಮೆಚ್ಚಿದವರೂ ಇದ್ದರು. ನೀರು ತರುವುದು, ಸಂತೆಗೆ ಹೋಗುವುದು, ಬಸ್ಸಿಗೆ ಕಾಯದೆ ತಮ್ಮ ಸಮಯಕ್ಕೆ ತಾವೇ ಒಡೆಯರಾಗುವುದು ಇವೆಲ್ಲ ಆರ್ಥಿಕ ಲಾಭಗಳು ನಿಜ. ಆದರೆ ಅವರು ಹೆಚ್ಚಾಗಿ ಹೇಳಿಕೊಂಡದ್ದು ತಮಗೆ ಸಿಕ್ಕ ಸ್ವಾತಂತ್ರ್ಯದ ಬಗ್ಗೆ. ಕೆಲಸದ ಸವಾರಿ ಬೇರೆ, ಸಂತೋಷದ ಸವಾರಿ ಬೇರೆ ಎಂಬ ನಮ್ಮ ನಗರದ ವಿಂಗಡಣೆ ಅಲ್ಲಿ ಅರ್ಥವನ್ನೇ ಕಳೆದುಕೊಂಡಿತ್ತು. ನಮ್ಮ ರಾಜ್ಯ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗಲೂ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಅಂಥದೇ ಹುರುಪನ್ನು ನಾನು ಕಂಡಿದ್ದೇನೆ. ಆ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು.

ಹವ್ಯಾಸಿಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ನಂದಿಬೆಟ್ಟದ ಬುಡದಿಂದ 1,478 ಮೀಟರ್ ಎತ್ತರದ ನೆತ್ತಿಯವರೆಗಿನ ಏಳೆಂಟು ಕಿಲೋಮೀಟರ್ ಏರನ್ನು ತುಳಿದು ಮುಟ್ಟುವುದು ಸಣ್ಣ ಮಾತಲ್ಲ. ಹತ್ತುವಾಗ ಸೋತವರು ಕೆಳಗಿಳಿದು ತಳ್ಳಿಕೊಂಡು ಹೋಗಬಹುದು, ಅಪಾಯವಿರುವುದು ಇಳಿಜಾರಿನಲ್ಲಿ. ತಿರುವಿನೊಳಗೆ ಬ್ರೇಕ್ ಅದುಮದೆ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. 2008ರಿಂದ ನಡೆದು ಬಂದ ನೀಲಗಿರಿ ಸೈಕಲ್ ಪ್ರವಾಸ ಸಾವಿರಾರು ಮಂದಿಯಲ್ಲಿ ದೂರದ ಸವಾರಿಯ ಆಸೆ ಹುಟ್ಟಿಸಿದೆ. ಬ್ರೆವೆ ಎಂದು ಕರೆಯುವ ಸವಾರಿಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಿದರೆ ಸಾಕು. ಅಲ್ಲಿ ಮೊದಲಿಗರೆಂಬವರಿಲ್ಲ, ಗಡುವಿನೊಳಗೆ ತಲುಪಿದವರೆಲ್ಲರೂ ಸಮಾನರು. ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ಹಿಡಿಸದಿರುವುದು ತುಳಿದ ಪ್ರತಿ ಕಿಲೋಮೀಟರನ್ನೂ ಮೊಬೈಲ್‌ನಲ್ಲಿ ಪ್ರದರ್ಶನಕ್ಕಿಡುವ ಚಪಲ. ಅದರಿಂದ ಅರವತ್ತರ ಗುಂಡಿಗೆ ಮೂವತ್ತರ ಗುಂಡಿಗೆಯೊಡನೆ ಪೈಪೋಟಿಗೆ ಇಳಿಯುತ್ತದೆ.

ಹವ್ಯಾಸಿಗಳ ಮಾತಿಗೆ ಸರ್ಕಾರದಲ್ಲಿ ಬೆಲೆಯಿದೆ ಎಂಬುದಕ್ಕೆ ಪುರಾವೆಗಳಿವೆ. 2012ರಲ್ಲಿ ಜಯನಗರದ ರಸ್ತೆಗಳಲ್ಲಿ ಸೈಕಲ್ ಪಥಗಳು ಬಂದವು. 2013ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸೈಕಲ್ ದಿನಾಚರಣೆ ಆರಂಭಿಸಿತು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಚಾಲನೆಗೊಂಡಿತು. ಕೋವಿಡ್ ಲಾಕ್‌ಡೌನ್ ಬಳಿಕ, 2020ರಲ್ಲಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಪ್ರತ್ಯೇಕ ಪಥ ಬಿಡಲಾಯಿತು. ಪಾದಚಾರಿಗಳ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಾಗಿಸುವ ಕರಡು ಮಸೂದೆಯೊಂದು 2021ರಲ್ಲಿ ಸಿದ್ಧವಾಯಿತು. ಆದರೆ ಜಯನಗರದ ಪಥದ ಮೇಲೆ ಕಾರುಗಳು ನಿಂತವು. ಹೊರವರ್ತುಲ ರಸ್ತೆಯ ಪಥ ಮೆಟ್ರೊ ಕಾಮಗಾರಿಯ ಕೆಳಗೆ ಕರಗಿತು. ಸೈಕಲ್ ಪಥವೆಂದರೆ ಹವ್ಯಾಸಿಗಳಿಗಾಗಿ ಮಾಡಿದ ಉಪಕಾರ ಎಂಬ ಭಾವನೆ ಇರುವವರೆಗೆ ಮೊದಲ ಇಕ್ಕಟ್ಟಿನಲ್ಲಿ ಬಲಿಯಾಗುವುದು ಅದೇ. ಕೆಲಸಕ್ಕೆ ಹೋಗುವ ಸಾವಿರಾರು ಜನರ ದಾರಿ ಅದು ಎಂಬುದು ಕಡತದಲ್ಲಿ ದಾಖಲಾಗಿದ್ದರೆ ಅಳಿಸಿಹಾಕುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ತೆರಿಗೆಯ ಕಥೆಯೂ ಇಂಥದ್ದೇ. 2017ರಲ್ಲಿ ಜಿಎಸ್‌ಟಿ ಬಂದಾಗ ಸೈಕಲ್ಲಿಗೆ ಶೇ 12ರ ದರ ನಿಗದಿಯಾಯಿತು. 2019ರ ಆಗಸ್ಟ್‌ನಿಂದ ವಿದ್ಯುತ್ ಚಾಲಿತ ವಾಹನಗಳ ದರ ಶೇ 5ಕ್ಕೆ ಇಳಿಯಿತು. ಹೀಗಾಗಿ ಹಲವು ಲಕ್ಷದ ವಿದ್ಯುತ್ ಕಾರು ಕೊಂಡವರು ಶೇ 5, ಸಾಧಾರಣ ಕಪ್ಪು ಸೈಕಲ್ ಕೊಂಡ ಕೂಲಿಕಾರ ಶೇ 12 ತೆರುವ ವಿಚಿತ್ರ ವ್ಯವಸ್ಥೆ ಆರು ವರ್ಷ ನಡೆಯಿತು. ಹೊಗೆ ಉಗುಳದ ವಾಹನಕ್ಕೆ ರಿಯಾಯಿತಿ ಎಂಬುದೇ ತತ್ವವಾಗಿದ್ದರೆ ಅದಕ್ಕೆ ಸೈಕಲ್ಲಿಗಿಂತ ಅರ್ಹ ವಾಹನ ಇನ್ನಾವುದಿತ್ತು? 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಬಿಡಿಭಾಗಗಳಿಗೂ ಶೇ 5ರ ದರ ಬಂದಿತು.

ಅಪಾಯದ ಲೆಕ್ಕ ಬೇರೆ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಮಂದಿ ಸತ್ತರು. ವೇಗದ ಹೆದ್ದಾರಿಗಳಿಂದ ನಿಧಾನದ ವಾಹನಗಳನ್ನು ಹೊರಗಿಡುವುದು ಇದಕ್ಕೊಂದು ಉತ್ತರವೆಂದು ಭಾವಿಸಲಾಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲನ್ನೂ ನಿಷೇಧಿಸಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಈ ನಿಷೇಧವನ್ನು ನಾನು ಆಕ್ಷೇಪಿಸಲಾರೆ. ಆದರೆ ಹಾಗೆ ಹೊರಗಿಟ್ಟವರಿಗೆ ಬಿಟ್ಟುಕೊಟ್ಟ ಸರ್ವೀಸ್ ರಸ್ತೆ ತುಂಡಾಗದೆ, ಕತ್ತಲಾಗದೆ, ಮಳೆಯಲ್ಲಿ ಮುಳುಗದೆ ಊರಿನಿಂದ ಊರಿಗೆ ಮುಟ್ಟಬೇಕು; ಅದಿಲ್ಲದ ಕಡೆ ನಿಷೇಧದ ಫಲಕ ಅಪಾಯವನ್ನು ಸ್ಥಳಾಂತರಿಸುತ್ತದೆ ಅಷ್ಟೆ.

ಇದಕ್ಕೆಲ್ಲ ಶ್ರೀಮಂತ ದೇಶಗಳ ಹಣ ಬೇಕೆಂಬುದು ಅರ್ಧ ಸತ್ಯ. ಕೊಲಂಬಿಯಾದ ಬೊಗೋಟಾ ನಗರ ನಮ್ಮ ಹಾಗೆಯೇ ಇಕ್ಕಟ್ಟಿನದು, ಅಸಮಾನತೆಯದು. ಅಲ್ಲಿ 1974ರಿಂದ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಪ್ರಮುಖ ರಸ್ತೆಗಳನ್ನು ಮೋಟಾರು ವಾಹನಗಳಿಗೆ ಮುಚ್ಚುತ್ತ ಬಂದಿದ್ದಾರೆ. ಇಂದು ಅದರ ವ್ಯಾಪ್ತಿ 120 ಕಿಲೋಮೀಟರಿಗೂ ಹೆಚ್ಚು. ಅಡ್ಡಗಟ್ಟೆ ಮತ್ತು ಸ್ವಯಂಸೇವಕರ ಹೊರತು ಅದಕ್ಕೆ ದೊಡ್ಡ ಖರ್ಚಿಲ್ಲ. ಮುಖ್ಯ ಸಂಗತಿಯೆಂದರೆ, ಭಾನುವಾರ ಸೈಕಲ್ ತುಳಿದ ನಗರವೇ ತೊಂಬತ್ತರ ದಶಕದ ಕೊನೆಯಲ್ಲಿ ವಾರದ ದಿನಗಳಿಗಾಗಿ ಕಾಯಂ ಸೈಕಲ್ ಪಥಗಳ ಜಾಲವನ್ನೂ ನಿರ್ಮಿಸಿಕೊಂಡಿತು. ನಮ್ಮ ಕಬ್ಬನ್ ಉದ್ಯಾನದ ಒಳರಸ್ತೆಗಳೂ ಭಾನುವಾರ ವಾಹನಗಳಿಂದ ಬಿಡುವು ಪಡೆಯುತ್ತವೆ. ಆ ಬಿಡುವು ಉದ್ಯಾನದ ಗೇಟಿನಲ್ಲೇ ಮುಗಿಯುತ್ತದೆ.

ಬೆಂಗಳೂರಿನ ಸೈಕಲ್ ಕೂಟಗಳಿಗೆ, ಹಳೆಯ ಕಡತಗಳ ಪರಿಚಯವಿರುವವನಾಗಿ, ನನ್ನದೊಂದು ಸೂಚನೆಯಿದೆ. ತಮ್ಮ ಭಾನುವಾರದ ಮಾರ್ಗದ ನಗರದೊಳಗಿನ ಭಾಗವನ್ನು ಅವರು ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತು ಒಂದು ರಾತ್ರಿ ಹತ್ತಕ್ಕೆ ತುಳಿದು ನೋಡಲಿ. ಎಲ್ಲಿ ಬೀದಿದೀಪವಿಲ್ಲ, ಎಲ್ಲಿ ಎಡ ಅಂಚು ಮಣ್ಣಿನಲ್ಲಿ ಮುಗಿಯುತ್ತದೆ, ಯಾವ ಮೆಟ್ರೊ ನಿಲ್ದಾಣದಲ್ಲಿ ಸೈಕಲ್ಲಿಗೆ ಬೀಗ ಹಾಕಿ ನಿಲ್ಲಿಸುವ ಕಂಬಿಯಿಲ್ಲ ಎಂಬುದನ್ನು ಬರೆದುಕೊಳ್ಳಲಿ. ಆ ಹೊತ್ತಿನಲ್ಲಿ ಎದುರಾಗುವ ಕಾವಲುಗಾರರನ್ನೂ ಪತ್ರಿಕೆ ಹಂಚುವವರನ್ನೂ ಕೇಳಿದರೆ ಪಟ್ಟಿ ಇನ್ನೂ ಖಚಿತವಾಗುತ್ತದೆ. ಮುಖ್ಯವಾಗಿ ಮಳೆನೀರಿನ ಚರಂಡಿಯ ಕಬ್ಬಿಣದ ಜಾಲರಿಗಳನ್ನು ಗಮನಿಸಬೇಕು. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಂದಿನಲ್ಲಿ ಸಿಕ್ಕಿ ಸವಾರ ಮುಗ್ಗರಿಸುತ್ತಾನೆ. ಅಡ್ಡಕ್ಕೆ ಇದ್ದರೆ ಚಕ್ರ ಸಲೀಸಾಗಿ ದಾಟುತ್ತದೆ. ಎಷ್ಟೋ ಕಡೆ ಇದನ್ನು ಸರಿಪಡಿಸಲು ಜಾಲರಿಯನ್ನು ಎತ್ತಿ ತಿರುಗಿಸಿ ಕೂರಿಸಿದರೆ ಸಾಕು. ‘ಸೈಕಲ್ ಸ್ನೇಹಿ ನಗರ ಮಾಡಿ’ ಎಂಬ ಮನವಿಪತ್ರ ಸಾಮಾನ್ಯವಾಗಿ ‘ಪರಿಶೀಲಿಸಿ’ ಎಂಬ ಷರಾದೊಂದಿಗೆ ಕೆಳಗಿನ ಮೇಜಿಗೆ ಹೋಗಿ ಅಲ್ಲಿಯೇ ನೆಲೆಸುತ್ತದೆ. ಆದರೆ ರಸ್ತೆಯ ಹೆಸರು, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಮತ್ತು ಫೋಟೊ ಸಮೇತ ಹದಿನೆಂಟು ಜಾಲರಿಗಳ ಪಟ್ಟಿ ಕೊಟ್ಟರೆ, ಸಹಾಯಕ ಎಂಜಿನಿಯರು ಹದಿನೆಂಟಕ್ಕೂ ಉತ್ತರ ಬರೆಯಬೇಕಾಗುತ್ತದೆ.